ನಗು ಬಂದರೂ ಕಾಲು ನಿಲ್ಲುವಂತಿಲ್ಲ

(ಅಮೆರಿಕದ ಡ್ರಮ್ ಕೋರ್ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾವು ಬರೆದ ಟಿಪ್ಪಣಿ ಓದಿ, ಇಂಡಿಯಾನಾದಲ್ಲಿರುವ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅವರ ಮಗಳು ಒಂದು ಕೋರ್‌ನಲ್ಲಿ ಮರಿಂಬಾ (ಸಾಲಾಗಿ ಜೋಡಿಸಿದ ಪಟ್ಟಿಗಳನ್ನು ಕೋಲಿನಿಂದ ಬಾರಿಸುವ ವಾದ್ಯ) ನುಡಿಸುತ್ತಾಳೆ. ಪತ್ರದ ಸಾರ ಇಷ್ಟು: "ಮೈಕ್ ಹಿಡಿದು ಕಥೆ ಹೇಳುವುದು, ತಮಾಷೆ ಮಾಡುವುದು ಈ ಕಲೆಯನ್ನು ಕೆಡಿಸಿತು ಎಂದು ಒಂದೇ ಸಾಲಿನಲ್ಲಿ ತೀರ್ಪು ಕೊಟ್ಟುಬಿಟ್ಟಿದ್ದೀರಿ. ಮೊದಲ ಸಲ ಸ್ಟೇಡಿಯಂನಲ್ಲಿ ಕೂತಾಗ ನನಗೆ ತಲೆಬುಡ ತಿಳಿಯಲಿಲ್ಲ. ಹಿಡಿದುಕೊಳ್ಳಲು ಸಿಕ್ಕಿದ್ದು ಆ ಮಾತುಗಳು ಮಾತ್ರ. ಜನ ನಕ್ಕರು, ನಾನೂ ನಕ್ಕೆ. ಯಕ್ಷಗಾನದಲ್ಲಿ ಚೆಂಡೆಯೂ ಇದೆ, ಮಾತೂ ಇದೆ, ಹಾಸ್ಯವೂ ಇದೆ. ಇಲ್ಲಿ ಯಾಕೆ ಬೇಡ?")

ನಮಸ್ಕಾರ.

ನಿಮ್ಮ ಪತ್ರ ಓದಿ ಎರಡು ದಿನ ಅದನ್ನೇ ಯೋಚಿಸುತ್ತಿದ್ದೆ. ಒಂದು ಸಾಲಿನಲ್ಲಿ ತೀರ್ಪು ಕೊಟ್ಟದ್ದು ನಮ್ಮ ತಪ್ಪು. ಆ ಸಾಲು ಬರೆದವನು ನಾನೇ. ಅದನ್ನು ಸರಿಪಡಿಸುವ ಜವಾಬ್ದಾರಿಯೂ ನನ್ನದೇ, ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗಿದೆ.

ಡ್ರಮ್ ಕೋರ್ ನೋಡಿರದ ಓದುಗರಿಗಾಗಿ ಮೊದಲು ಎರಡು ಮಾತು. ಮೈದಾನದಲ್ಲಿ ಹೆಜ್ಜೆ ಹಾಕುತ್ತಲೇ ನುಡಿಸುವ ವಾದ್ಯತಂಡ ಇದು: ಹಿತ್ತಾಳೆಯ ತುತ್ತೂರಿಗಳು, ಡ್ರಮ್‌ಗಳು, ಬಾವುಟ ಹಿಡಿದು ಕುಣಿಯುವ ಕಲರ್ ಗಾರ್ಡ್. ಕ್ಲಾರಿನೆಟ್, ಸ್ಯಾಕ್ಸೊಫೋನ್, ಕೊಳಲು ಯಾವುದೂ ಇಲ್ಲ. ಸುಮಾರು 150 ಹುಡುಗ ಹುಡುಗಿಯರು, ಎಲ್ಲರೂ ಇಪ್ಪತ್ತರ ಆಸುಪಾಸಿನವರು. ಬೇಸಿಗೆಯಿಡೀ ಬಸ್ಸಿನಲ್ಲಿ ಊರೂರು ಸುತ್ತುತ್ತಾರೆ. ಶಾಲೆಗಳ ಜಿಮ್ ನೆಲದ ಮೇಲೆ ಮಲಗುತ್ತಾರೆ. ಹಗಲೆಲ್ಲ ಬಿಸಿಲಲ್ಲಿ ಅಭ್ಯಾಸ. ಇಷ್ಟೆಲ್ಲ ಹನ್ನೊಂದು ಹನ್ನೆರಡು ನಿಮಿಷದ ಒಂದೇ ಒಂದು ಪ್ರದರ್ಶನಕ್ಕಾಗಿ. ಡ್ರಮ್ ಕೋರ್ಸ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ 1972ರಿಂದ ಚಾಂಪಿಯನ್‌ಶಿಪ್ ನಡೆಸುತ್ತಿದೆ. 2009ರಿಂದ ಫೈನಲ್ಸ್ ನಡೆಯುವುದು ನಿಮ್ಮದೇ ರಾಜ್ಯದ ಇಂಡಿಯಾನಾಪೊಲಿಸ್‌ನ ಲೂಕಸ್ ಆಯಿಲ್ ಸ್ಟೇಡಿಯಂನಲ್ಲಿ. 2003ರ ಬೇಸಿಗೆಯವರೆಗೂ ಈ ಮೈದಾನದಲ್ಲಿ ಮೈಕ್ ಇರಲಿಲ್ಲ. 2004ರಲ್ಲಿ ನಿಯಮ ಬದಲಾಯಿತು. ಮೈಕ್ ಬಂತು, ಅದರ ಹಿಂದೆಯೇ ಮಾತೂ ಬಂತು.

ಮೈಕ್ ಬಂದದ್ದೇ ತಪ್ಪು ಅಂತ ನಾನು ಹೇಳುವುದಿಲ್ಲ. ನಿಮ್ಮ ಮಗಳ ವಾದ್ಯವನ್ನೇ ತೆಗೆದುಕೊಳ್ಳಿ. ಮರಿಂಬಾ ಮೆದು ದನಿಯ ವಾದ್ಯ. ಅದರ ಹಿಂದೆ ಎಪ್ಪತ್ತು ಎಂಬತ್ತು ತುತ್ತೂರಿಗಳು ಒಟ್ಟಿಗೇ ಊದಿದರೆ ಅದರ ಗತಿ ಏನು? ಮೈಕ್ ಇಲ್ಲದ ಕಾಲದಲ್ಲಿ ಮಕ್ಕಳು ಗಟ್ಟಿ ಉಂಡೆಯ ಮ್ಯಾಲೆಟ್ (ಬಾರಿಸುವ ಕೋಲು) ಹಿಡಿದು ಬಾರಿಸುತ್ತಿದ್ದರು. ಕೇಳಿಸುತ್ತಿತ್ತು ನಿಜ, ಆದರೆ ಮರಿಂಬಾದ ದನಿಯಾಗಿ ಅಲ್ಲ, ಬರೀ ಟಕಟಕ ಅಂತ. ಈಗ ಪಟ್ಟಿಗಳ ಹತ್ತಿರ ಪುಟ್ಟ ಮೈಕ್ ಕೂರಿಸುತ್ತಾರೆ. ನೂಲು ಸುತ್ತಿದ ಮೆದು ಮ್ಯಾಲೆಟ್, ಕೈಗೆ ಎರಡರಂತೆ ನಾಲ್ಕು. ಒಮ್ಮೆ ಪ್ರದರ್ಶನಕ್ಕೆ ಮುಂಚೆ ಪಾರ್ಕಿಂಗ್ ಲಾಟ್‌ನಲ್ಲಿ ಪಿಟ್‌ನ, ಅಂದರೆ ಮೈದಾನದ ಮುಂದಿನ ಗೆರೆಯಲ್ಲಿ ನಿಂತು ಮರಿಂಬಾದಂಥ ವಾದ್ಯ ನುಡಿಸುವ ಗುಂಪಿನ ಮಕ್ಕಳು ಕೈ ಬಿಸಿ ಮಾಡಿಕೊಳ್ಳುವುದನ್ನು ಹತ್ತಿರ ನಿಂತು ನೋಡಿದ್ದೇನೆ. ಒಬ್ಬಳು ಒಂದೇ ಪಟ್ಟಿಯ ಮೇಲೆ ಒಂದೇ ಕೋಲನ್ನು ಅಷ್ಟು ಮೆಲ್ಲಗೆ ಆಡಿಸುತ್ತಿದ್ದಳು, ಪಟ್ಟಿಯಿಂದ ಏಳುವುದು ಶಬ್ದವೋ ಬರೀ ನಡುಕವೋ ಗೊತ್ತಾಗುತ್ತಿರಲಿಲ್ಲ. ಆ ನಡುಕವನ್ನು ಐವತ್ತನೇ ಸಾಲಿನಲ್ಲಿ ಕೂತವರಿಗೂ ಮುಟ್ಟಿಸಿದ್ದು ಮೈಕ್. ಅದಕ್ಕೆ ನನ್ನ ಕೃತಜ್ಞತೆ ಇದೆ.

ತಕರಾರು ಇರುವುದು ಮಾತಿನ ಬಗ್ಗೆ. ಅದರಲ್ಲೂ ತಮಾಷೆಯ ಮಾತಿನ ಬಗ್ಗೆ.

ಒಂದು ಸಂಜೆಯ ವಿಷಯ ಹೇಳುತ್ತೇನೆ. ಸಣ್ಣ ಊರು, ಹೈಸ್ಕೂಲಿನ ಸ್ಟೇಡಿಯಂ, ಬೆಳಕು ಇನ್ನೂ ಪೂರ್ತಿ ಹೋಗಿರಲಿಲ್ಲ. ಕೋರ್‌ನ ಹೆಸರು ಬೇಡ. ಹೆಡ್‌ಸೆಟ್ ಮೈಕ್ ಹಾಕಿಕೊಂಡ ಹುಡುಗಿ ಮುಂದೆ ಬಂದು ಒಂದು ಮಾತು ಹೇಳಿದಳು. ಚೆನ್ನಾಗಿತ್ತು, ಜನ ಜೋರಾಗಿ ನಕ್ಕರು. ಆದರೆ ತಮಾಷೆಯ ನಿಜವಾದ ತಿರುಳು ಇದ್ದದ್ದು ಅದರ ನಂತರದ ಸಾಲಿನಲ್ಲಿ. ಆ ಸಾಲು ನಗುವಿನಲ್ಲಿ ಮುಳುಗಿಹೋಯಿತು. ಅವಳ ತುಟಿ ಆಡುವುದು ಕಾಣುತ್ತಿತ್ತು, ಮಾತು ಕೇಳಿಸಲಿಲ್ಲ. ಅವಳಿಗೂ ಅದು ಗೊತ್ತಾಯಿತು. ಮುಖದಲ್ಲಿ ಒಂದು ಕ್ಷಣ ಗಾಬರಿ ಹಾದು ಹೋದದ್ದನ್ನು ನಾನು ಕಂಡೆ. ಆದರೂ ಅವಳು ನಿಲ್ಲುವಂತಿರಲಿಲ್ಲ. ಹಿಂದೆ ಅಷ್ಟೂ ಜನ ಎಂಟು ಎಣಿಕೆಯಲ್ಲಿ ಇನ್ನೊಂದು ಆಕಾರಕ್ಕೆ ಸೇರಬೇಕಿತ್ತು. ಒಬ್ಬರು ತಡೆದರೆ ಇನ್ನೊಬ್ಬರ ಟ್ಯೂಬಾ ಎಂಬ ದೊಡ್ಡ ತುತ್ತೂರಿ ಬಂದು ಬೆನ್ನಿಗೆ ಬಡಿಯುತ್ತದೆ.

ನಿಮ್ಮ ಯಕ್ಷಗಾನದ ಪ್ರಶ್ನೆಗೆ ನನ್ನ ಉತ್ತರ ಇರುವುದು ಇಲ್ಲೇ. ಹಾಸ್ಯಗಾರ ಒಂದು ಮಾತು ಹೇಳಿ ಸುಮ್ಮನೆ ನಿಲ್ಲುತ್ತಾನೆ. ಸಭೆ ನಗಲಿ ಅಂತ ಬಿಡುತ್ತಾನೆ. ಭಾಗವತರು ತಾಳ ಹಿಡಿದುಕೊಂಡು ಕಾಯುತ್ತಾರೆ, ಚೆಂಡೆ ಬಾಯಿ ಮುಚ್ಚಿಕೊಂಡಿರುತ್ತದೆ. ನಗು ಇಳಿಯಿತು ಅನ್ನುವಾಗ ಮುಂದಿನ ಮಾತು. ಇವತ್ತಿನ ಸಭೆ ಚುರುಕಾಗಿದ್ದರೆ ನಾಲ್ಕು ಮಾತು ಜಾಸ್ತಿ, ಮಂಕಾಗಿದ್ದರೆ ಬೇಗ ಮುಗಿಸುತ್ತಾನೆ. ಅಲ್ಲಿ ಗಡಿಯಾರ ಆಡುವವನ ಕೈಯಲ್ಲಿದೆ. ಡ್ರಮ್ ಕೋರ್‌ನಲ್ಲಿ ಅದು ಯಾರ ಕೈಯಲ್ಲೂ ಇಲ್ಲ. ಅಭ್ಯಾಸದಲ್ಲಿ ಗೊತ್ತು ಮಾಡಿದ ಹೆಜ್ಜೆ ಪ್ರದರ್ಶನದಲ್ಲೂ ಅದೇ ಎಣಿಕೆಗೆ ಬೀಳಬೇಕು. ಜನ ನಕ್ಕರೂ ಅಷ್ಟೇ, ನಗದಿದ್ದರೂ ಅಷ್ಟೇ.

ಶಬ್ದದ ಲೆಕ್ಕವನ್ನೂ ನೋಡಿ. ಅಮೆರಿಕನ್ ಫುಟ್‌ಬಾಲ್ ಮೈದಾನದ ಅಗಲ ಸುಮಾರು 49 ಮೀಟರ್. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಅಂದರೆ ಹಿಂದಿನ ಗೆರೆಯಲ್ಲಿ ಬಾರಿಸಿದ ಸ್ನೇರ್ ಡ್ರಮ್ಮಿನ ಪೆಟ್ಟು ಮುಂದಿನ ಗೆರೆಗೆ ಬರಲು 0.14 ಸೆಕೆಂಡ್ ಬೇಕು. ನಿಮಿಷಕ್ಕೆ 180 ಪೆಟ್ಟಿನ ವೇಗದಲ್ಲಿ ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಇರುವುದೇ 0.33 ಸೆಕೆಂಡ್. ಹತ್ತಿರ ಹತ್ತಿರ ಅರ್ಧ ಪೆಟ್ಟು ತಡ ಆಯಿತು! ಅದಕ್ಕೇ ಪಿಟ್‌ನ ಮಕ್ಕಳು ಎದುರು ನಿಂತು ತಾಳ ತೋರಿಸುವ ಡ್ರಮ್ ಮೇಜರ್ ಕೈ ನೋಡಿ ನುಡಿಸುವುದಿಲ್ಲ, ಹಿಂದಿನಿಂದ ಬರುವ ಡ್ರಮ್ಮಿಗೆ ಕಿವಿ ಕೊಟ್ಟು ನುಡಿಸುತ್ತಾರೆ. ಕಣ್ಣಿಗೆ ಕಂಡದ್ದನ್ನು ಬಿಟ್ಟು ಕಿವಿಯನ್ನು ನಂಬುವುದು. ನಿಮ್ಮ ಮಗಳು ಇದನ್ನು ಕಲಿಯಲು ಎಷ್ಟು ಒದ್ದಾಡಿರುತ್ತಾಳೋ! ಇನ್ನು ಇದರ ಮೇಲೆ ಸ್ಪೀಕರ್‌ನಿಂದ ಮಾತು ಹೊರಡುತ್ತದೆ. ಮುಚ್ಚಿದ ಚಾವಣಿಯ ಸ್ಟೇಡಿಯಂನಲ್ಲಿ ಅದು ಗೋಡೆಗೆ ಬಡಿದು ತಿರುಗಿ ಬರುತ್ತದೆ. ತುತ್ತೂರಿಯ ಉದ್ದ ಸ್ವರಕ್ಕೆ ಪ್ರತಿಧ್ವನಿ ಶೋಭೆ ಕೊಟ್ಟೀತು. ಮಾತಿಗೆ ಮಾತ್ರ ಅದು ಶತ್ರು. ಕ, ತ, ಪ ಎಲ್ಲ ಕರಗಿ ಬರೀ 'ಆ' 'ಓ' ಉಳಿಯುತ್ತದೆ. ತಮಾಷೆ ನಿಲ್ಲುವುದು ಒಂದೊಂದು ಅಕ್ಷರದ ಮೇಲೆ ಅಲ್ವಾ?

ಹಾಗಾದರೆ ಈ ಮೈದಾನದಲ್ಲಿ ಹಾಸ್ಯ ಸಾಧ್ಯವೇ ಇಲ್ಲವೇ? ಖಂಡಿತ ಇದೆ. ಮೈಕ್ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಇತ್ತು. ನ್ಯೂಜೆರ್ಸಿಯ ಬೇಯೋನ್ ಊರಿನ ಬ್ರಿಜ್‌ಮೆನ್ 1970ರ ದಶಕದಲ್ಲಿ ಉದ್ದನೆಯ ಹಳದಿ ಕೋಟು, ಅಗಲ ಅಂಚಿನ ಟೋಪಿ ಹಾಕಿಕೊಂಡು ಬಂದರು. ಉಳಿದ ಕೋರ್‌ಗಳೆಲ್ಲ ಸಿಪಾಯಿಗಳ ಹಾಗೆ ಎದೆ ಸೆಟೆದು ನಡೆಯುತ್ತಿದ್ದ ಕಾಲ ಅದು. ಈ ಆಟ ಹುಟ್ಟಿದ್ದೇ ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರ ಸಂಘಗಳ ಆಸರೆಯಲ್ಲಿ. ಅಂಥಲ್ಲಿ ಬ್ರಿಜ್‌ಮೆನ್ ಇಡೀ ತಂಡ ಮೂರ್ಛೆ ಹೋದವರ ಹಾಗೆ ದೊಪ್ಪನೆ ನೆಲಕ್ಕೆ ಬೀಳುತ್ತಿತ್ತು. ಒಂದು ಮಾತಿಲ್ಲ. ಕೊನೆಯ ಸಾಲಿನವನಿಗೂ ಅರ್ಥವಾಗುವ ಹಾಸ್ಯ. ಕ್ಯಾಲಿಫೋರ್ನಿಯಾದ ಅನಹೈಮ್‌ನ ವೆಲ್ವೆಟ್ ನೈಟ್ಸ್ 1980ರ ದಶಕದಲ್ಲಿ ಕೆಂಪು ಹೈಟಾಪ್ ಶೂ ಹಾಕಿಕೊಂಡು ಮೈದಾನಕ್ಕೆ ಇಳಿದರು. ಶಿಸ್ತಿನ ಆಟದಲ್ಲಿ ಕೆಂಪು ಶೂ! ಕಾಲು ನೋಡಿಯೇ ಜನಕ್ಕೆ ನಗು ಬರುತ್ತಿತ್ತು. ಅವರ ತಮಾಷೆ ಇದ್ದದ್ದು ನಡೆಯಲ್ಲಿ, ಉಡುಗೆಯಲ್ಲಿ, ಗಂಭೀರ ರಾಗದ ನಡುವೆ ಥಟ್ಟನೆ ತೂರಿಬರುವ ಬೇರೊಂದು ರಾಗದಲ್ಲಿ. ಜನ ನಕ್ಕರೆ ಸಂಗೀತ ಅದರ ಮೇಲೆಯೇ ತೇಲಿಕೊಂಡು ಹೋಗುತ್ತಿತ್ತು. ಮಾತಿನ ಹಾಗೆ ಮುಳುಗುತ್ತಿರಲಿಲ್ಲ.

ಮೈಕ್ ಬಂದ ಮೇಲೆ ಮಾತನ್ನು ಎಲ್ಲರಿಗಿಂತ ಹೆಚ್ಚು ನಂಬಿದವರು ದಿ ಕೆಡೆಟ್ಸ್ ಎಂಬ ಕೋರ್‌ನವರು. 2005ರಲ್ಲಿ ಅವರು ಒಂದು ಹಳೆಯ ಟಿವಿ ಸರಣಿಯ ವಿಚಿತ್ರ ಲೋಕವನ್ನು ಮೈದಾನಕ್ಕೆ ತಂದರು. ಮೈಕ್‌ನ ದನಿಯೂ ಅದರಲ್ಲಿತ್ತು. ಬಂದ ಅಂಕ 100ಕ್ಕೆ 99.15, ಆ ವರ್ಷದ ಚಾಂಪಿಯನ್‌ಶಿಪ್ ಅವರದೇ. ದನಿ ಬಳಸಿದರೆ ಶೋ ಕೆಡುತ್ತದೆ ಎಂಬ ನನ್ನ ಆ ಒಂದು ಸಾಲು ಸುಳ್ಳು ಎನ್ನಲು ಇದೊಂದೇ ಸಾಕು. ಮುಂದಿನ ವರ್ಷ ಮಕ್ಕಳ ಕಥೆಯ ಆಲಿಸಳ ಕನ್ನಡಿಯ ಲೋಕ. 2007ರಲ್ಲಿ ಮಾತು ಇನ್ನೂ ಹೆಚ್ಚಿತು. ತಾವು ಯಾರು, ಏನನ್ನು ನಂಬುತ್ತೇವೆ ಎಂದು ಮಕ್ಕಳೇ ಮೈಕ್‌ನಲ್ಲಿ ಹೇಳಿದರು. 2008ರಲ್ಲೂ ಅದೇ ದಾರಿ. ಹಳೆಯ ಅಭಿಮಾನಿಗಳು ಎಷ್ಟು ಬೇಸರ ಪಟ್ಟುಕೊಂಡರು ಎಂದರೆ, ಇವತ್ತಿಗೂ ಡ್ರಮ್ ಕೋರ್‌ನಲ್ಲಿ ಮಾತು ಅಂದ ಕೂಡಲೇ ಜನ ಆ ಎರಡು ಬೇಸಿಗೆಗಳ ಹೆಸರು ಎತ್ತುತ್ತಾರೆ.

ಆ ಮಕ್ಕಳು ಹೇಳಿದ್ದು ಪ್ರಾಮಾಣಿಕ ಮಾತು, ಅದರಲ್ಲಿ ನನಗೆ ಅನುಮಾನ ಇಲ್ಲ. ನನ್ನನ್ನು ಕಾಡುವುದು ಬೇರೆ. ಬಿಸಿಲಿಗೆ ಸುಟ್ಟ ಆ ಕತ್ತು, ಉಸಿರು ಬಿಗಿಹಿಡಿದು ಹಿಂದಕ್ಕೆ ಓಡುವ ಆ ಕಾಲು, ಓಡುತ್ತಲೇ ಅಲುಗದೆ ನಿಂತ ಆ ತುತ್ತೂರಿ, ಎಲ್ಲವೂ ಅದನ್ನೇ ಹೇಳುತ್ತಿದ್ದವು. ಅದನ್ನು ಮತ್ತೆ ಬಾಯಲ್ಲೂ ಹೇಳಿದಾಗ ನಾವು ಕಾಲು ನೋಡುವುದನ್ನು ಬಿಟ್ಟು ಬಾಯಿ ನೋಡುತ್ತೇವೆ. ಮನುಷ್ಯರ ಕಿವಿ ಇರುವುದೇ ಹಾಗೆ. ಎಲ್ಲಿ ಮಾತು ಕೇಳಿಸಿದರೂ ಮನಸ್ಸು ಆ ಕಡೆ ಓಡುತ್ತದೆ, ಸಂಗೀತ ಹಿಂದಕ್ಕೆ ಸರಿಯುತ್ತದೆ. ಮಾತು ಕೇಳಿಸಲಿ ಅಂತ ಮಿಕ್ಸರ್ ಮುಂದೆ ಕೂತವರು ಗುಂಡಿ ಏರಿಸಿದರೆ, ತಿಂಗಳುಗಟ್ಟಲೆ ಉಸಿರು ಪಳಗಿಸಿ ಸಾಧಿಸಿದ ಏರಿಳಿತ ಅದರ ಕೆಳಗೆ ಸಿಕ್ಕಿಕೊಳ್ಳುತ್ತದೆ. ಇದು ನನಗೆ ನಿಜವಾಗಿಯೂ ಸಂಕಟದ ವಿಷಯ.

ಅದೇ 2008ರ ಇನ್ನೊಂದು ಶೋ ನಿಮಗೆ ಹೇಳಲೇಬೇಕು. ಇಲಿನಾಯ್‌ನ ಫ್ಯಾಂಟಮ್ ರೆಜಿಮೆಂಟ್ ಸ್ಪಾರ್ಟಕಸ್‌ನ ಕಥೆ ತೆಗೆದುಕೊಂಡಿತ್ತು. ರೋಮ್ ವಿರುದ್ಧ ದಂಗೆ ಎದ್ದ ಗುಲಾಮನ ಕಥೆ. ವಿವರಣೆಗೆ ಅಂತ ಯಾರೂ ನಿಲ್ಲಲಿಲ್ಲ. ಆದರೆ ಒಂದು ಹೊತ್ತಿನಲ್ಲಿ ಮೈದಾನದ ಬೇರೆ ಬೇರೆ ಮೂಲೆಗಳಿಂದ ಒಬ್ಬೊಬ್ಬರಾಗಿ "ನಾನೇ ಸ್ಪಾರ್ಟಕಸ್" ಎಂದು ಕೂಗಿದರು. ಒಂದೇ ಸಣ್ಣ ವಾಕ್ಯ. ಕಥೆ ಗೊತ್ತಿಲ್ಲದವನಿಗೂ ಮೈ ಜುಮ್ ಅನ್ನುತ್ತದೆ. ಆ ವರ್ಷ ಅವರು ಗೆದ್ದದ್ದು 0.025 ಅಂಕದಿಂದ: 98.125, ಎರಡನೆಯವರಾದ ಬ್ಲೂ ಡೆವಿಲ್ಸ್‌ಗೆ 98.100. ಆ ಕೂಗು ಎದ್ದದ್ದು ತುತ್ತೂರಿ ಹೇಳಲಾಗದ ಕಡೆ. ಹೆಸರನ್ನು ತುತ್ತೂರಿಯಲ್ಲಿ ಊದಲು ಬರುವುದಿಲ್ಲ, ಬಾಯಲ್ಲೇ ಹೇಳಬೇಕು.

ಹಾಗಾಗಿ ನನ್ನ ಆ ಒಂದು ಸಾಲನ್ನು ಹೀಗೆ ತಿದ್ದಿ ಓದಿಕೊಳ್ಳಿ: ವಾದ್ಯಕ್ಕೆ ಆಗದ್ದನ್ನು ಮಾತು ಮಾಡಲಿ, ವಾದ್ಯ ಆಗಲೇ ಮಾಡುತ್ತಿರುವುದನ್ನು ಮಾತು ಕಸಿದುಕೊಳ್ಳುವುದು ಬೇಡ. ತಮಾಷೆ ಬೇಕಿದ್ದರೆ ನಗುವ ಜಾಗವನ್ನು ಸಂಗೀತ ಬರೆಯುವವರೇ ಮೊದಲೇ ಬಿಟ್ಟಿರಬೇಕು. ಒಂದು ಮಾತು, ಆಮೇಲೆ ನಾಲ್ಕು ಎಣಿಕೆ ಬರೀ ಡ್ರಮ್, ನಂತರ ಮುಂದಿನದು. ಜನ ನಕ್ಕರೆ ನಗು ಆ ಖಾಲಿ ಜಾಗದಲ್ಲಿ ಕೂರುತ್ತದೆ. ನಗದಿದ್ದರೂ ಡ್ರಮ್ ಕೇಳುತ್ತದೆ, ಹುಡುಗಿಯ ಮುಖ ಸಣ್ಣದಾಗುವುದಿಲ್ಲ. ಇನ್ನೂ ಒಂದು ಮಾತು. ಒಂದೇ ಶೋವನ್ನು ಬೇಸಿಗೆಯಲ್ಲಿ ಊರೂರಲ್ಲಿ ಮತ್ತೆ ಮತ್ತೆ ಆಡುತ್ತಾರೆ. ಒಳ್ಳೆಯ ರಾಗ ಹತ್ತನೇ ಸಲಕ್ಕೂ ಹೊಸದೇನನ್ನೋ ಕೊಡುತ್ತದೆ. ಮಾತಿನ ತಮಾಷೆ ಮೂರನೇ ಸಲಕ್ಕೆ ಸವೆಯುತ್ತದೆ. ದೊಪ್ಪನೆ ಬೀಳುವ ತಂಡ ಮಾತ್ರ ಪ್ರತಿ ಸಲವೂ ನಗಿಸುತ್ತದೆ, ಬೀಳುವುದನ್ನು ಎದುರು ನೋಡಿಕೊಂಡೇ ಜನ ಬಂದಿರುತ್ತಾರೆ.

ಮೊದಲ ಸಲ ನೋಡುವವರಿಗೆ ಮಾತೇ ಕೈಹಿಡಿಯಿತು ಎಂದಿರಿ. ಅದು ನಿಜ, ಅದಕ್ಕೆ ನನ್ನಲ್ಲಿ ಎದುರು ಮಾತಿಲ್ಲ. ಮೊದಲ ಸಲ ಕೂತವನಿಗೆ ಮೈದಾನ ಒಂದು ದೊಡ್ಡ ಜಾತ್ರೆಯ ಹಾಗೆ, ಎಲ್ಲಿ ನೋಡಬೇಕು ಅಂತಲೇ ತಿಳಿಯುವುದಿಲ್ಲ. ಆದರೆ ಒಂದು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಆ ಹನ್ನೊಂದು ನಿಮಿಷದಲ್ಲಿ ಮಗಳ ಕೈಗಳನ್ನು ಎಷ್ಟು ಹೊತ್ತು ನೋಡಿದಿರಿ? ಅವಳು ನಿಂತದ್ದು ಮೈದಾನದ ಮುಂದಿನ ಗೆರೆಯಲ್ಲೇ, ಮಾತಾಡುವವರ ಪಕ್ಕದಲ್ಲೇ ಇದ್ದಿರಬೇಕು.

ಈ ಬೇಸಿಗೆಯಲ್ಲಿ ಸಾಧ್ಯವಾದರೆ ಶೋಗೆ ಒಂದು ಗಂಟೆ ಮುಂಚೆಯೇ ಹೋಗಿ. ಪಾರ್ಕಿಂಗ್ ಲಾಟ್‌ನಲ್ಲಿ ಅಭ್ಯಾಸ ನಡೆಯುತ್ತಿರುತ್ತದೆ, ಯಾರು ಬೇಕಾದರೂ ನಿಂತು ನೋಡಬಹುದು. ಅಲ್ಲಿ ಅವಳ ಮ್ಯಾಲೆಟ್ ದನಿಯನ್ನು ಮೈಕ್ ಇಲ್ಲದೆ ಕೇಳಿ, ಆಮೇಲೆ ಸ್ಟೇಡಿಯಂನಲ್ಲಿ ಅದನ್ನೇ ಹುಡುಕಿ. ಮನೆಗೆ ಬಂದ ಮೇಲೆ ಅವಳನ್ನು ಕೇಳಿ: ಮಾತು ನಡೆಯುವಾಗ ನಿನ್ನ ಕಿವಿ ಎಲ್ಲಿರುತ್ತದೆ, ಹಿಂದಿನ ಸ್ನೇರ್ ಕೇಳಿಸುತ್ತದೆಯೇ, ಜನ ನಕ್ಕಾಗ ಏನು ಮಾಡುತ್ತೀ ಅಂತ. ಅವಳು ಹೇಳಿದ್ದನ್ನು ನಮಗೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

ಸಂಪಾದಕ