ವಿಲಿಯಮ್ಸ್ ತಂಡದ ಸ್ಟೋರ್ಸ್ ಕಥೆ

ಒಂಬತ್ತು ಸಲ ಫಾರ್ಮುಲಾ ಒನ್ ತಂಡ ಪ್ರಶಸ್ತಿ ಗೆದ್ದ ವಿಲಿಯಮ್ಸ್ ಇಷ್ಟು ವರ್ಷ ಹಿಂದಿನ ಸಾಲಿನಲ್ಲಿ ಒದ್ದಾಡಿದ್ದು ಏಕೆ, ದುಡ್ಡಿಲ್ಲದೆಯೋ ಒಳ್ಳೆಯ ಚಾಲಕರಿಲ್ಲದೆಯೋ ಎಂದು ಕೇಳಿದ್ದೀರಿ. ನನ್ನ ಊರು ಗೋಕಾಕ. ಹದಿನಾಲ್ಕು ವರ್ಷಗಳಿಂದ ಪುಣೆಯ ಭೋಸರಿಯಲ್ಲಿ, ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಉತ್ಪಾದನೆಯ ಯೋಜನೆ ನೋಡಿಕೊಳ್ಳುತ್ತಿದ್ದೇನೆ. ಹಾಗಾಗಿ ನನ್ನ ಕಣ್ಣು ಮೊದಲು ಹೋಗುವುದು ಬಿಡಿಭಾಗಗಳನ್ನು ಇಡುವ ಸ್ಟೋರ್ಸಿನ ಕಡೆಗೆ.

ದುಡ್ಡಿನ ಮಾತನ್ನು ಬೇಗ ಮುಗಿಸುತ್ತೇನೆ. 1997ರಲ್ಲಿ ಕೊನೆಯ ಪ್ರಶಸ್ತಿ ಬರುವ ಹೊತ್ತಿಗೆ ವಿನ್ಯಾಸಕಾರ ಏಡ್ರಿಯನ್ ನ್ಯೂಯಿ ಮೆಕ್ಲಾರೆನ್ ಸೇರಿಯಾಗಿತ್ತು, ವರ್ಷದ ಕೊನೆಗೆ ಎಂಜಿನ್ ಕೊಡುತ್ತಿದ್ದ ರೆನೋ ಕೂಡ ಕೈಬಿಟ್ಟಿತು. ಆಮೇಲೆ ಬಂದ ಬಿಎಂಡಬ್ಲ್ಯು 2005ರ ನಂತರ ಸೌಬರ್ ತಂಡವನ್ನೇ ಕೊಂಡುಕೊಂಡಿತು. ಕಾರು ಕಂಪನಿಯ ಆಸರೆಯಿಲ್ಲದ ತಂಡ ಸೋತರೆ ಪ್ರಾಯೋಜಕರೂ ಕಡಿಮೆ, ಬಹುಮಾನದ ಪಾಲೂ ಕಡಿಮೆ.

ಆದರೆ 2014ನ್ನು ನೋಡಿ. ಹೈಬ್ರಿಡ್ ಟರ್ಬೊ ಎಂಜಿನ್‌ಗಳು ಬಂದ ಆ ವರ್ಷ ಮರ್ಸಿಡಿಸ್ ಎಂಜಿನ್ ಎಲ್ಲರಿಗಿಂತ ಮುಂದಿತ್ತು. ಅದನ್ನು ಕೂರಿಸಿಕೊಂಡ ವಿಲಿಯಮ್ಸ್ ಆ ವರ್ಷವೂ ಮರುವರ್ಷವೂ ಮೂರನೆಯ ಸ್ಥಾನ ಪಡೆಯಿತು. ಒಳಗಿನ ಹುಳುಕನ್ನು ಆ ಎಂಜಿನ್ ಮುಚ್ಚಿಟ್ಟಿತು ಎಂದೇ ನನ್ನ ಅನಿಸಿಕೆ. ಉಳಿದವರ ಎಂಜಿನ್‌ಗಳು ಸುಧಾರಿಸಿದವು, ಹುಳುಕು ಹೊರಬಿತ್ತು. 2018ರಲ್ಲಿ ಕೊನೆಯ ಸ್ಥಾನ. 2019ರಲ್ಲಿ ಬಾರ್ಸಿಲೋನಾದ ಪರೀಕ್ಷಾ ಓಟ ಶುರುವಾದಾಗ ಕಾರೇ ಸಿದ್ಧವಿರಲಿಲ್ಲ, ಮೊದಲ ಎರಡು ದಿನ ಪೂರ್ತಿ ಕೈತಪ್ಪಿತು. ಆ ಇಡೀ ವರ್ಷಕ್ಕೆ ಸಿಕ್ಕಿದ್ದು 1 ಅಂಕ. 2020ರಲ್ಲಿ ಅದೂ ಇಲ್ಲ. ಅದೇ ವರ್ಷ ತಂಡ ಅಮೆರಿಕದ ಡೋರಿಲ್ಟನ್ ಕ್ಯಾಪಿಟಲ್‌ನ ಪಾಲಾಯಿತು.

ಕಾರ್ಖಾನೆಯ ಒಳಗುಟ್ಟು ಹೊರಬಂದದ್ದು ಮರ್ಸಿಡಿಸ್‌ನಿಂದ 2023ರಲ್ಲಿ ಬಂದ ಮುಖ್ಯಸ್ಥ ಜೇಮ್ಸ್ ವೌಲ್ಸ್ ಬಾಯಿಬಿಟ್ಟಾಗ. ಸುಮಾರು 20,000 ಬಿಡಿಭಾಗಗಳ ಲೆಕ್ಕವನ್ನು ಎಕ್ಸೆಲ್ ಹಾಳೆಯಲ್ಲಿ ಇಟ್ಟಿದ್ದರಂತೆ! ಯಾವುದಕ್ಕೆ ಎಷ್ಟು ಖರ್ಚು, ತಯಾರಿಗೆ ಎಷ್ಟು ದಿನ ಎಂಬುದನ್ನು ಅದರಿಂದ ತಿಳಿಯುವಂತಿರಲಿಲ್ಲ. ಓದಿ ನಕ್ಕವರು ಬಹಳ ಮಂದಿ. ನನಗೆ ನಗು ಬರಲಿಲ್ಲ. ನಮ್ಮಲ್ಲೂ ಅಂಥದೊಂದು ಹಾಳೆ ಇತ್ತು, ಅದರ ಮರ್ಮ ಬಲ್ಲವರು ಒಬ್ಬರೇ. ಅವರು ಗಣಪತಿ ಹಬ್ಬಕ್ಕೆಂದು ಕೊಂಕಣದ ತಮ್ಮ ಊರಿಗೆ ಹೋದ ವಾರ ಒಂದು ಬ್ರಾಕೆಟ್‌ನ ಡ್ರಾಯಿಂಗ್ ಬದಲಾಗಿತ್ತು, ಹಾಳೆಯಲ್ಲಿ ಹಳೆಯದೇ ಉಳಿದಿತ್ತು. ಮುನ್ನೂರು ಬ್ರಾಕೆಟ್ ಗುಜರಿಗೆ ಹೋದವು, ಲೈನ್ ಎರಡು ದಿನ ನಿಂತಿತು. ಬೈಗುಳ ತಿಂದವನು ಮಾತ್ರ ಯಂತ್ರದ ಮುಂದಿದ್ದ ಹುಡುಗ. ಚಾಲಕರು ಸರಿಯಿಲ್ಲ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಆ ಹುಡುಗನ ಮುಖ ನೆನಪಾಗುತ್ತದೆ.

2024ರ ಮೆಲ್ಬರ್ನ್ ರೇಸ್ ನೋಡಿದ್ದೀರಾ? ಶುಕ್ರವಾರದ ಅಭ್ಯಾಸದಲ್ಲಿ ವಿಲಿಯಮ್ಸ್ ಚಾಲಕ ಆಲ್ಬನ್ ಗೋಡೆಗೆ ಗುದ್ದಿದರು, ಚಾಸಿ, ಅಂದರೆ ಕಾರಿನ ಮೂಲ ಚೌಕಟ್ಟು, ಅಲ್ಲಿ ರಿಪೇರಿಯಾಗುವ ಸ್ಥಿತಿಯಲ್ಲಿರಲಿಲ್ಲ. ಬದಲಿ ಚಾಸಿ ಇರಲೇ ಇಲ್ಲ. ಏನೂ ತಪ್ಪು ಮಾಡದ ಇನ್ನೊಬ್ಬ ಚಾಲಕ ಸಾರ್ಜೆಂಟ್ ತಮ್ಮ ಕಾರನ್ನು ಆಲ್ಬನ್‌ಗೆ ಬಿಟ್ಟುಕೊಟ್ಟು ಕುಳಿತರು. ಆಲ್ಬನ್ 11ನೆಯವರಾದರು, ಅಂಕ ಸಿಗುವುದು 10ರವರೆಗೆ.

ಹೊಸ ಮಾಲೀಕರು ದುಡ್ಡು ಸುರಿದರೆ ಸರಿಹೋಗುವುದಿಲ್ಲವೇ ಎಂದೂ ಕೇಳಿದ್ದೀರಿ. 2021ರಿಂದ ವಾರ್ಷಿಕ ಖರ್ಚಿಗೆ ಮಿತಿಯಿದೆ, ಯಂತ್ರ ಮತ್ತು ಕಟ್ಟಡಗಳಿಗೆ ಹಾಕುವ ಬಂಡವಾಳಕ್ಕೂ ಬೇರೆಯದೇ ಮಿತಿ. ದೊಡ್ಡ ತಂಡಗಳು ಅದಕ್ಕೂ ಮೊದಲೇ ಎಲ್ಲವನ್ನೂ ಕಟ್ಟಿಕೊಂಡಿದ್ದವು. ಹಿಂದಿದ್ದವರಿಗೆ ಇರುವ ಒಂದು ಅನುಕೂಲವೆಂದರೆ ಕಾರಿನ ಮೇಲೆ ಗಾಳಿ ಹರಿಯುವ ಬಗೆಯನ್ನು ಪರೀಕ್ಷಿಸುವ ಗಾಳಿ ಸುರಂಗದ ಸಮಯ: ಮೊದಲ ಸ್ಥಾನದವರಿಗೆ ನಿಗದಿಯ ಶೇ. 70, ಹತ್ತನೆಯವರಿಗೆ ಶೇ. 115. ಒಂಬತ್ತನೆಯವರಾಗಿದ್ದ ವಿಲಿಯಮ್ಸ್‌ಗೆ ಶೇ. 110 ಸಿಗುತ್ತಿತ್ತು. 2025ರಲ್ಲಿ ಬಾಕುವಿನ ರೇಸಿನಲ್ಲಿ ತಂಡದ ಚಾಲಕ ಕಾರ್ಲೋಸ್ ಸೈನ್ಸ್ ಮೂರನೆಯವರಾದರು, ತಂಡ ಐದನೆಯ ಸ್ಥಾನಕ್ಕೆ ಏರಿತು. ಐದನೆಯವರಾದ್ದರಿಂದ ಗಾಳಿ ಸುರಂಗದಲ್ಲಿ ಅವರ ಪಾಲು ಶೇ. 90ಕ್ಕೆ ಇಳಿಯಿತು.