ಶುಗರ್ ಇದ್ದವರು ಹುಳಿ, ಗೊಜ್ಜಿಗೆ ಬೆಲ್ಲ ಹಾಕಲೇಬಾರದೇ?

ಅಮ್ಮನಿಗೆ ಶುಗರ್ ಎಂದು ಗೊತ್ತಾದ ಮೇಲೆ ಅಡುಗೆಗೆ ಬೆಲ್ಲ ಹಾಕುವುದನ್ನೇ ಬಿಟ್ಟಿದ್ದೀರಿ, ಈಗ ಅವರು ತರಕಾರಿಯ ಹೋಳನ್ನೆಲ್ಲ ಬದಿಗಿಟ್ಟು ಬರೀ ಅನ್ನ ಉಣ್ಣುತ್ತಾರೆ ಎಂದು ಬರೆದಿದ್ದೀರಿ. ನನ್ನನ್ನು ಕೇಳಿದರೆ, ಹುಳಿಯ ಬೆಲ್ಲ ಇರಲಿ, ಮೊದಲು ಕಾಫಿ ಲೋಟ ನೋಡಿ.

ನಾಲ್ಕು ಜನರ ಹುಳಿಗೆ ಅಡಿಕೆ ಗಾತ್ರದ ಬೆಲ್ಲ ಅಂದರೆ ಹೆಚ್ಚೆಂದರೆ 8 ಗ್ರಾಂ. ತಲೆಗೆ 2 ಗ್ರಾಂ. ಎರಡೆರಡು ಚಮಚ ಸಕ್ಕರೆಯ ಮೂರು ಲೋಟ ಕಾಫಿಗೆ ಸುಮಾರು 25 ಗ್ರಾಂ ಆಗಿಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ, ಆರೋಗ್ಯವಂತರಿಗೂ ಸೇರಿಸಿ, ಇದಕ್ಕಿಂತ ಕಡಿಮೆಯಿದ್ದರೆ ಇನ್ನೂ ಒಳ್ಳೆಯದು ಎಂದ ಇಡೀ ದಿನದ ಮಿತಿ ಹೆಚ್ಚುಕಡಿಮೆ ಇಷ್ಟೇ. ಕಾಫಿಗೆ ಸಕ್ಕರೆ ಬದಲು ಬೆಲ್ಲ ಹಾಕಿದರೆ ಲೆಕ್ಕವೇನೂ ಬದಲಾಗದು. ಬೆಲ್ಲದ ಬಹುಪಾಲು ಸಕ್ಕರೆಯೇ. ಮೊಮ್ಮಕ್ಕಳ ಜೊತೆ ಕುಡಿಯುವ 300 ಮಿ.ಲೀ. ಕೋಲಾದಲ್ಲಿ 30 ಗ್ರಾಂಗೂ ಮೇಲೆ. ದೋಸೆಗೆ ಸುರಿದುಕೊಳ್ಳುವ ಟೊಮೇಟೊ ಸಾಸ್ ಒಂದು ದೊಡ್ಡ ಚಮಚಕ್ಕೆ ಸುಮಾರು 4 ಗ್ರಾಂ, ಅಂದರೆ ಹುಳಿಯ ಎರಡರಷ್ಟು.

ಗೊಜ್ಜಿನ ಮಾತು ಬೇರೆ. ಕಾಲು ಕೆ.ಜಿ. ಹಾಗಲಕಾಯಿಗೆ ನಿಂಬೆ ಗಾತ್ರದ ಹುಣಸೆ, 50 ಗ್ರಾಂ ಬೆಲ್ಲ ಹಾಕುವ ಮನೆಗಳಿವೆ. ಅಲ್ಲಿ ಬೆಲ್ಲವನ್ನಷ್ಟೇ ಕಡಿತಗೊಳಿಸಿದರೆ ಹುಣಸೆ, ಕಹಿ ಎರಡೂ ಎದ್ದು ನಿಲ್ಲುತ್ತವೆ. ನಿಮ್ಮ ಅಮ್ಮ ಹೋಳು ಬದಿಗಿಡುತ್ತಿರುವುದೂ ಬಹುಶಃ ಇದಕ್ಕೇ. ಹಾಗಲಕಾಯಿಯನ್ನು ತೆಳ್ಳಗೆ ಹೆಚ್ಚಿ, ಒಂದು ಚಮಚ ಉಪ್ಪು ಬೆರೆಸಿ ಅರ್ಧ ಗಂಟೆ ಬಿಡಿ. ಬಿಟ್ಟ ನೀರನ್ನು ಗಟ್ಟಿಯಾಗಿ ಹಿಂಡಿ ಚೆಲ್ಲಿ, ಹೋಳನ್ನು ಎಣ್ಣೆಯಲ್ಲಿ ಅಂಚು ಕೆಂಪಾಗುವವರೆಗೆ ಬಾಡಿಸಿ. ಹುಣಸೆ ಅರ್ಧಕ್ಕಿಳಿಸಿ. ಹುರಿದ ಎಳ್ಳು, ಒಣಕೊಬ್ಬರಿ ಪುಡಿ ಎರಡೆರಡು ಚಮಚ ಸೇರಿಸಿದರೆ ಕೊನೆಗೆ 15 ಗ್ರಾಂ ಬೆಲ್ಲ ಸಾಕು. ಹಿಂಡಿದ ಹೋಳಿನಲ್ಲಿ ಉಪ್ಪು ಉಳಿದಿರುತ್ತದೆ, ರುಚಿ ನೋಡದೆ ಮತ್ತೆ ಹಾಕಬೇಡಿ.

ನಿಜವಾದ ಕೊರತೆ ತರಕಾರಿಯ ಪ್ರಮಾಣದಲ್ಲಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಪೌಷ್ಟಿಕಾಂಶ ಸಂಸ್ಥೆಯ 2024ರ ಮಾರ್ಗಸೂಚಿ ಸೊಪ್ಪೂ ಸೇರಿ ದಿನಕ್ಕೆ 400 ಗ್ರಾಂ ತರಕಾರಿ ಎನ್ನುತ್ತದೆ. ಕಾಲು ಕೆ.ಜಿ. ಬೀನ್ಸ್ ಹಾಕಿದ ಹುಳಿಯಲ್ಲಿ ನಾಲ್ವರಿಗೆ ಸಿಗುವುದು ತಲಾ 60 ಗ್ರಾಂ ಚಿಲ್ಲರೆ. ಅದೇ ಬೇಳೆಗೆ ಅರ್ಧ ಕೆ.ಜಿ. ತರಕಾರಿ ಹಾಕಿ, ಜೊತೆಗೊಂದು ತೊಂಡೆಕಾಯಿ ಪಲ್ಯ, ಸೌತೆಕಾಯಿ ಕೋಸಂಬರಿ ಇರಲಿ. ಕೋಸಂಬರಿಗೆ ಉಪ್ಪು ಎಲೆಗೆ ಬಡಿಸುವ ಮುಂಚೆ ಮಾತ್ರ, ಇಲ್ಲವಾದರೆ ನೀರಾಗುತ್ತದೆ. ಸೊಪ್ಪು ಬೇಯಿಸಿದ ನೀರು ಚೆಲ್ಲಬೇಡಿ. ಬಸ್ಸಾರು ಇರುವುದೇ ಅದಕ್ಕೆ.

ಕ್ಯಾರೆಟ್, ಬೀಟ್‌ರೂಟ್ ಸಿಹಿಯೆಂದು ದೂರವಿಡುವುದು ಬೇಡ. 100 ಗ್ರಾಂನಲ್ಲಿ ಸಕ್ಕರೆ ಕ್ರಮವಾಗಿ 5, 7 ಗ್ರಾಂ ಆಸುಪಾಸು, ನಾರಿನ ಜೊತೆಗೆ. ಜ್ಯೂಸ್ ಮಾಡಿ ಸೋಸಿದರೆ ನಾರು ಹೋಗಿ ಸಕ್ಕರೆ ಬೇಗ ರಕ್ತಕ್ಕೆ ಸೇರುತ್ತದೆ. ಆಲೂಗಡ್ಡೆ, ಗೆಣಸು, ಸುವರ್ಣಗಡ್ಡೆಯನ್ನು ಮಾತ್ರ ಅನ್ನದ ಲೆಕ್ಕಕ್ಕೆ ಸೇರಿಸಿ. ಅವು ಇದ್ದ ದಿನ ಅನ್ನ ಒಂದು ಸೌಟು ಕಡಿಮೆ.

ಅಮ್ಮ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅನ್ನ, ಸಕ್ಕರೆಯನ್ನು ದಿಢೀರನೆ ಇಳಿಸಬೇಡಿ, ಶುಗರ್ ತೀರಾ ಕೆಳಗಿಳಿಯಬಹುದು. ಡಾಕ್ಟರಿಗೆ ಮೊದಲೇ ಹೇಳಿ. ಕಿಡ್ನಿ ತೊಂದರೆ ಇದ್ದರೆ ಸೊಪ್ಪು, ತರಕಾರಿ ಎಷ್ಟೆಂಬುದನ್ನೂ ಅವರನ್ನೇ ಕೇಳಿ.