ಬಣ್ಣ ಬದಲಾಗೋ ಏರ್ ಪ್ಯೂರಿಫೈಯರ್ ಬಲ್ಬ್: ಬೆಡ್‌ರೂಮಿಗೆ ಒಂದು ಸಾಕಾ, ಎರಡು ಬೇಕಾ?

ಒಂದೂ ಬೇಡ.

ಪುಣೆ ಕಡೆಯ ಮೋಶಿಯಲ್ಲಿ ಫ್ಲಾಟು, ಸುತ್ತ ಕನ್‌ಸ್ಟ್ರಕ್ಷನ್ ಧೂಳು, ಐದು ವರ್ಷದ ಮಗಳಿಗೆ ರಾತ್ರಿ ಕೆಮ್ಮು, ಪ್ಯೂರಿಫೈಯರಿಗೆ ಹತ್ತು ಸಾವಿರ ಹಾಕೋದು ಕಷ್ಟ, ಅದಕ್ಕೆ ಸಾವಿರದೈನೂರರ ಬಲ್ಬು ಅಂತ ಬರ್ದಿದ್ದೀರಿ. ನಿಮ್ಮ ಪ್ರಶ್ನೆ ಓದಿದ್ರೆ ನನ್ನದೇ ಹಳೇ ಮೆಸೇಜನ್ನ ಯಾರೋ ನನಗೇ ಫಾರ್ವರ್ಡ್ ಮಾಡಿದ ಹಾಗಿದೆ. ನಿಮ್ಮದು ಮೋಶಿ, ನಂದು ವಾಕಡ್, ನಿಮಗೆ ಮಗಳು, ನನಗೆ ಅವ್ವ, ಅಷ್ಟೇ ವ್ಯತ್ಯಾಸ.

ನಮ್ಮೂರು ಧಾರವಾಡ. ಅಪ್ಪ ಹೋದ ಮೇಲೆ ಅವ್ವನ್ನ ಪುಣೆಗೆ ಕರ್ಕೊಂಡು ಬಂದೆ. ಮೊದಲಿಂದ್ಲೂ ಅವಳಿಗೆ ದಮ್ಮು, ಇನ್‌ಹೇಲರ್ ಸೀರೆ ಸೆರಗಲ್ಲೇ ಗಂಟು ಹಾಕ್ಕೊಂಡಿರ್ತಾಳೆ. ನಮ್ಮ ಬಿಲ್ಡಿಂಗ್ ಹಿಂದೆ ಒಂದು ರೆಡಿಮಿಕ್ಸ್ ಕಾಂಕ್ರೀಟ್ ಪ್ಲಾಂಟು, ರಾತ್ರಿಯೆಲ್ಲಾ ಮಿಕ್ಸರ್ ಗಾಡಿ ಓಡಾಟ, ಬೆಳಿಗ್ಗೆ ಒರೆಸಿದ ಬಾಲ್ಕನಿ ಗ್ರಿಲ್ಲು ಸಂಜೆಗೆ ಬೂದಿ ಬಳಿದಂಗಿರ್ತಿತ್ತು. ನವೆಂಬರ್ ಬಂತು ಅಂದ್ರೆ ಅವ್ವನ ಎದೆಯಿಂದ ಸೀಟಿ ಶುರು. ಆಗ ಮೊಬೈಲಲ್ಲಿ ಈ ಬಲ್ಬಿನ ಜಾಹೀರಾತು ಬಂತು. ಮಾಮೂಲಿ ಹೋಲ್ಡರಿಗೇ ಕೂರುತ್ತೆ, 9 ವ್ಯಾಟು, ಆ್ಯಪಲ್ಲಿ 1.6 ಕೋಟಿ ಬಣ್ಣ, ಜೊತೆಗೆ ಲಕ್ಷಗಟ್ಟಲೆ ನೆಗೆಟಿವ್ ಅಯಾನ್ (ಚಾರ್ಜ್ ಇರೋ ಕಣ) ಬಿಟ್ಟು ಧೂಳು, ಹೊಗೆ, ವಾಸನೆ, ವೈರಸ್ ಎಲ್ಲಾ ತೆಗೆಯುತ್ತಂತೆ. ಹಸಿರು ಬಣ್ಣಕ್ಕೆ 'ಫಾರೆಸ್ಟ್ ಮೋಡ್' ಅಂತ ಬೇರೆ ಹೆಸರು. ಎರಡು ತರಿಸಿದೆ, ಒಂದು ಅವ್ವನ ರೂಮಿಗೆ ಒಂದು ಹಾಲಿಗೆ.

ಹಚ್ಚಿದ ಮೊದಲ ರಾತ್ರಿನೇ ಅವ್ವ ಅಂದ್ಲು, "ಏನೋ ಇದು, ಝೆರಾಕ್ಸ್ ಅಂಗಡ್ಯಾಗ ಕುಂತಂಗ ಆಗ್ತದ." ನಾನು ನಕ್ಕೆ, ಅದು ಫ್ರೆಶ್ ಗಾಳಿ ವಾಸನೆ ಅವ್ವಾ, ಗುಡುಗು ಮಳೆ ಬಂದಾಗ ಬರೋದಿಲ್ವಾ ಹಂಗೆ, ಅಂದೆ, ಯಾಕಂದ್ರೆ ಬಾಕ್ಸ್ ಮೇಲೆ ಹಂಗೇ ಬರೆದಿತ್ತು. ಅವ್ವ ಹೇಳಿದ್ದೇ ನಿಜ. ಹೈವೋಲ್ಟೇಜಲ್ಲಿ ಗಾಳಿಗೆ ಅಯಾನ್ ಬಿಡುವಾಗ ಜೊತೆಗೆ ಓಜೋನ್ ಹುಟ್ಟಬಹುದು, ಹಳೇ ಕಾಪಿ ಮಷಿನ್ ಹತ್ರ ಬರೋದೂ ಅದರದ್ದೇ ವಾಸನೆ. ಆಕಾಶದ ಮೇಲೆ ಇದ್ರೆ ಓಜೋನ್ ನಮ್ಮನ್ನ ಕಾಯುತ್ತೆ, ಮೂಗಿನ ಹತ್ರ ಬಂದ್ರೆ ಶ್ವಾಸನಾಳ ಉರಿಸುತ್ತೆ, ಅದರಲ್ಲೂ ದಮ್ಮು ಇದ್ದವರಿಗೆ ಜಾಸ್ತಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮನೆಯೊಳಗೆ ಇಡೋ ಏರ್ ಕ್ಲೀನರ್ 0.050 ಪಿಪಿಎಂಗಿಂತ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 0.050 ಭಾಗಕ್ಕಿಂತ) ಹೆಚ್ಚು ಓಜೋನ್ ಬಿಟ್ರೆ ಮಾರೋಹಾಗಿಲ್ಲ ಅಂತ ಕಾನೂನೇ ಇದೆ. ನನ್ನ ಬಾಕ್ಸ್ ಮೇಲೆ ಅಯಾನ್ ಎಷ್ಟು ಅಂತ ದಪ್ಪಕ್ಷರದಲ್ಲಿತ್ತು, ಓಜೋನ್ ಬಗ್ಗೆ ಒಂದು ಪದವೂ ಇರಲಿಲ್ಲ.

ಈಗ ನಾನು ನಿಜವಾಗಿ ಎಲ್ಲಿ ಎಡವಿದೆ ಅನ್ನೋದು. ಬಲ್ಬ್ ತಗೊಂಡಿದ್ದು ದೊಡ್ಡ ವಿಷಯ ಅಲ್ಲ, ಮೂರು ಸಾವಿರ ಹೋಯ್ತು, ಬಿಡಿ. ನಾನು ಅದನ್ನ ಪರೀಕ್ಷೆ ಮಾಡಿದೆ, ಅದೇ ತಪ್ಪಾಗಿದ್ದು. ನಾನೇನು ದಡ್ಡ ಅಲ್ಲ, ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗೇ ನನ್ನ ಹೊಟ್ಟೆಪಾಡು (ನಗಬೇಡಿ), ಸುಮ್ಮನೆ ನಂಬೋದು ಬೇಡ ಅಂತ ಒಂದು ಪಿಎಂ 2.5 ಮೀಟರ್ ತರಿಸಿದೆ, ಗಾಳಿಯಲ್ಲಿರೋ ಅತಿ ಸಣ್ಣ ಕಣಗಳನ್ನ ಘನ ಮೀಟರಿಗೆ ಎಷ್ಟು ಮೈಕ್ರೋಗ್ರಾಂ ಅಂತ ತೋರಿಸೋದು. ಅವ್ವನ ರೂಮಿನ ಕಿಟಕಿ ಬಾಗಿಲು ಹಾಕಿ, ಊದಿನಕಡ್ಡಿ ಹಚ್ಚಿ, ಮೀಟರ್ 400ರ ಹತ್ರ ಹೋದ ಮೇಲೆ ಕಡ್ಡಿ ಆರಿಸಿ, ಬಲ್ಬ್ ಹಚ್ಚಿ, ಫ್ಯಾನ್ ಹಾಕಿ, ಹೊರಗೆ ಬಂದು ಚಾ ಕುಡಿದೆ. ಒಂದು ಗಂಟೆ ಬಿಟ್ಟು ನೋಡಿದ್ರೆ ಸುಮಾರು 150. ನಮ್ಮ ದೇಶದ ಲೆಕ್ಕದಲ್ಲಿ 24 ಗಂಟೆಯ ಸರಾಸರಿ 60 ದಾಟಬಾರ್ದು, ವಿಶ್ವ ಆರೋಗ್ಯ ಸಂಸ್ಥೆ 15 ಅನ್ನುತ್ತೆ, ಅಂದ್ರೆ 150 ಕೂಡ ಕೆಟ್ಟದ್ದೇ, ಆದ್ರೆ ನಂಗೆ ಕಂಡಿದ್ದು 400 ಇದ್ದದ್ದು 150 ಆಗಿದೆ ಅನ್ನೋದು ಮಾತ್ರ. ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದೆ, ಅಕ್ಕ ಹುಬ್ಬಳ್ಳಿಯಲ್ಲಿ ತರಿಸಿದ್ಲು, ಆಫೀಸಲ್ಲೂ ಒಂದಿಬ್ರು ತಗೊಂಡ್ರು.

ಇಲ್ಲಿ ಏನು ಬಿಟ್ಟೆ ಅಂತ ಗೊತ್ತಾಯ್ತಾ? ಬಲ್ಬ್ ಆರಿಸಿ ಅದೇ ಪರೀಕ್ಷೆ ಇನ್ನೊಂದ್ಸಲ ಮಾಡಲಿಲ್ಲ. ಇಷ್ಟೇ. ಹೊಗೆ ತಾನಾಗೇ ಇಳಿಯುತ್ತೆ. ಬಾಗಿಲ ಸಂದಿಯಿಂದ ಹೋಗುತ್ತೆ, ಕಿಟಕಿಯ ಸ್ಲೈಡಿಂಗ್ ಫ್ರೇಮಿಂದ ಹೋಗುತ್ತೆ, ಫ್ಯಾನ್ ಗಾಳಿಗೆ ಗೋಡೆ, ಪರದೆ, ಹಾಸಿಗೆ ಮೇಲೆ ಕೂರುತ್ತೆ. ಮೊದಲು ಮೀಟರ್ ಹತ್ರನೇ ಇದ್ದ ಹೊಗೆ ಆಮೇಲೆ ಇಡೀ ರೂಮಿಗೆ ಹರಡಿದ್ರೂ ಅಂಕಿ ಇಳಿಯುತ್ತೆ. ಏನೂ ಇಲ್ಲದೆ ಎಷ್ಟು ಇಳಿಯುತ್ತೆ ಅನ್ನೋದು ಗೊತ್ತಿಲ್ಲದೆ, ಬಲ್ಬ್ ಇದ್ದಾಗ ಇಷ್ಟು ಇಳೀತು ಅಂದ್ರೆ ಏನರ್ಥ? ಏನೂ ಇಲ್ಲ. ನೀವು ಮಳೆ ನಿಲ್ಲಲಿ ಅಂತ ಪೂಜೆ ಮಾಡಿ ಅಕ್ಟೋಬರಲ್ಲಿ ಮಳೆ ನಿಂತಾಗ ದಕ್ಷಿಣೆ ಕೊಡೋದು ಬೇರೆ ಮಾತು, ಆದ್ರೆ ನಾನು ಆಫೀಸಲ್ಲಿ ಜೂನಿಯರ್ ಹುಡುಗರಿಗೆ "ಫಿಕ್ಸ್ ಹಾಕದೇ ಒಂದ್ಸಲ ರನ್ ಮಾಡಿ ನೋಡ್ರಪ್ಪಾ" ಅಂತ ಬೈಯೋ ಮನುಷ್ಯ, ಮನೆಯಲ್ಲಿ ಅದೇ ಕೆಲಸ ಬಿಟ್ಟೆ. ನಂಬಬೇಕು ಅನ್ಸಿತ್ತು, ನಂಬಿದೆ.

ಆ ಒಂದು ಅಂಕಿಯಿಂದ ಮುಂದಿನದೆಲ್ಲಾ ಕೆಡ್ತು. ಬಲ್ಬ್ ಕೆಲಸ ಮಾಡ್ತಿದೆ ಅಂತ ಧೈರ್ಯ ಬಂದು ಅವ್ವನ ರೂಮಿನ ಕಿಟಕಿ ಪೂರ್ತಿ ಬಂದ್ ಮಾಡಿಸಿದೆ, ಹೊರಗಿನ ಧೂಳು ಬರಬಾರ್ದು ಅಂತ. ಡಾಕ್ಟರು ಫಿಲ್ಟರ್ ಇರೋ ಪ್ಯೂರಿಫೈಯರ್ ಇಟ್ರೆ ಒಳ್ಳೇದು ಅಂದಿದ್ರು, ಅದನ್ನ ಮುಂದೂಡಿದೆ. ಮುಳಾ ನದಿಯ ಜಲಪರ್ಣಿ (ನೀರ ಮೇಲೆ ಹರಡೋ ಕಳೆ) ಪುಣ್ಯದಿಂದ ನಮ್ಮ ಕಡೆ ಸೊಳ್ಳೆ ಹೆಂಗಿರುತ್ತೆ ನಿಮಗೇ ಗೊತ್ತು, ಆ ಬಂದ್ ರೂಮಲ್ಲೇ ರಾತ್ರಿ ಕಾಯಿಲ್ ಹಚ್ತಿದ್ವಿ. ಹೊಗೆ ಆದ್ರೇನು, ಬಲ್ಬ್ ಇದೆಯಲ್ಲ! ಮಜಾ ಅಂದ್ರೆ ಬಲ್ಬೂ ಅರ್ಧ ಹೊತ್ತು ಇರ್ತಿರಲಿಲ್ಲ. ಸ್ಮಾರ್ಟ್ ಬಲ್ಬಿಗೆ ಗೋಡೆ ಸ್ವಿಚ್ಚು ಸದಾ ಆನ್ ಇರಬೇಕು, ಅವ್ವ ರೂಮಿಂದ ಹೊರಗೆ ಬಂದಾಗೆಲ್ಲಾ "ಯಾರಿಲ್ಲದ ಖೋಲ್ಯಾಗ ಲೈಟ್ ಯಾಕ, ಬಿಲ್ ಯಾರ್ ಕಟ್ಟಬೇಕು" ಅಂತ ಟಕ್ ಅನಿಸ್ತಿದ್ಲು. ಅವಳಿಗೆ ಗೊತ್ತಿಲ್ಲದೆ ಅವಳು ಮಾಡ್ತಿದ್ದ ಒಳ್ಳೇ ಕೆಲಸ ಅದೊಂದೇ.

ಡಿಸೆಂಬರಲ್ಲಿ ಒಂದು ರಾತ್ರಿ ಇನ್‌ಹೇಲರಿಗೆ ಬಗ್ಗಲಿಲ್ಲ, ಚಿಂಚವಾಡದ ಆಸ್ಪತ್ರೆಗೆ ಓಡಿಸ್ಕೊಂಡು ಹೋಗಿ ನೆಬ್ಯುಲೈಸರ್ ಹಾಕಿಸಿದ್ವಿ. ಅಲ್ಲಿನ ಎದೆ ಡಾಕ್ಟರು ಬಲ್ಬಿನ ಪುರಾಣ ಎಲ್ಲಾ ಕೇಳಿಸ್ಕೊಂಡು ಒಂದೇ ಮಾತು ಕೇಳಿದ್ರು, ಮರಾಠಿಯಲ್ಲಿ: "ಘರೀ ಕಾಯಿಲ್ ಲಾವತಾ ಕಾ?" (ಮನೇಲಿ ಕಾಯಿಲ್ ಹಚ್ತೀರಾ?) ಹೌದು, ಹಚ್ತೀವಿ ಅಂದೆ. ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದ್ರು. ಮನೆಗೆ ಬಂದು ಓದಿದೆ: ಒಂದು ಸೊಳ್ಳೆ ಕಾಯಿಲ್ ಪೂರ್ತಿ ಉರಿದ್ರೆ ಬರೋ ಪಿಎಂ 2.5, ಸುಮಾರು 75ರಿಂದ 137 ಸಿಗರೇಟಿನಷ್ಟು ಅಂತ 2003ರಲ್ಲೇ ಒಂದು ಅಧ್ಯಯನ ಬಂದಿದೆ. ರೆಡಿಮಿಕ್ಸ್ ಪ್ಲಾಂಟಿಗೆ ನಾನು ಹಾಕಿದ ಶಾಪ ಎಷ್ಟು, ಮಂಚದ ಕೆಳಗೆ ನಾನೇ ಇಟ್ಟಿದ್ದು ಏನು!

ಅವತ್ತು ಎದೆಗೆ ಬಡಿದಿದ್ದು ಕಾಯಿಲ್ಲೋ ಓಜೋನೋ ಚಳಿಯೋ ಅಂತ ಡಾಕ್ಟರೂ ಬೇರ್ಪಡಿಸಿ ಹೇಳಲಿಲ್ಲ, ನಾನೂ ಹೇಳಲ್ಲ. ಸಂಕ್ರಾಂತಿಗೆ ಅಕ್ಕನ ಮಗ ಬಂದಿದ್ದ, ಇಂಜಿನಿಯರಿಂಗ್ ಓದೋನು. ನನ್ನ 400-150 ಕಥೆ ಕೇಳಿ, "ಮಾಮಾ, ಬಲ್ಬ್ ಬಂದ್ ಮಾಡಿ ನೋಡೀರೇನು?" ಅಂದ. ಇಬ್ಬರೂ ಕೂತು ಮಾಡಿದ್ವಿ, ಅದೇ ಕಡ್ಡಿ ಅದೇ ಫ್ಯಾನು, ಬಲ್ಬ್ ಮಾತ್ರ ಇಲ್ಲ. ಒಂದು ಗಂಟೆಗೆ 150ರ ಆಸುಪಾಸೇ. ಅಷ್ಟರಲ್ಲಿ ಬಲ್ಬಿನ ಸುತ್ತ ಸೀಲಿಂಗ್ ಮೇಲೆ ತಟ್ಟೆಯಗಲ ಕಪ್ಪು ಕಲೆ ಬೇರೆ ಬಿದ್ದಿತ್ತು, ಮನೆ ಬಿಡುವಾಗ ಓನರು ಬಣ್ಣದ ದುಡ್ಡು ಅಂತ ಡಿಪಾಜಿಟ್ಟಲ್ಲಿ ಮುರ್ಕೊಂಡ್ರು.

ಆ ಕಲೆಯಲ್ಲೇ ಬಲ್ಬಿನ ಗುಟ್ಟೆಲ್ಲಾ ಇದೆ ನೋಡಿ. ಅಯಾನ್ ಧೂಳನ್ನ ನಾಶ ಮಾಡೋದಿಲ್ಲ, ಅದಕ್ಕೆ ಚಾರ್ಜ್ ಕೊಡುತ್ತೆ, ಚಾರ್ಜ್ ಆದ ಧೂಳು ಹತ್ತಿರದ ಗೋಡೆಗೋ ಸೀಲಿಂಗಿಗೋ ಅಂಟುತ್ತೆ. ಕಸಬರಿಗೆ ಆಡಿಸಿದಾಗ, ಪರದೆ ಕೊಡವಿದಾಗ ಅದೇ ಧೂಳು ಮತ್ತೆ ಗಾಳಿಗೆ. ಬಲ್ಬಿನೊಳಗೆ ಫಿಲ್ಟರ್ ಇಲ್ಲ, ರೂಮಿನ ಗಾಳಿ ಎಳೆಯೋ ಫ್ಯಾನ್ ಇಲ್ಲ. 10 ಅಡಿಗೆ 12 ಅಡಿ, 9 ಅಡಿ ಎತ್ತರದ ರೂಮಂದ್ರೆ ಸುಮಾರು 30 ಘನ ಮೀಟರ್ ಗಾಳಿ. ಅದನ್ನ ಗಂಟೆಗೆ ಐದು ಸಲ ಸೋಸಬೇಕು ಅಂದ್ರೆ ಸಿಎಡಿಆರ್ ಅನ್ನೋ ಅಂಕಿ (ಮಷಿನ್ ಎಷ್ಟು ಗಾಳಿ ಸೋಸಿ ಕೊಡುತ್ತೆ ಅನ್ನೋದು) ಗಂಟೆಗೆ 150 ಘನ ಮೀಟರ್ ಇರಬೇಕು. ನಿಮ್ಮ ಬಲ್ಬಿನ ಬಾಕ್ಸ್ ಮೇಲೆ ಸಿಎಡಿಆರ್ ಹುಡುಕಿ ನೋಡಿ. '99 ಪರ್ಸೆಂಟ್' ಅಂತ ಇದ್ರೆ ಕೆಳಗಿನ ಸಣ್ಣಕ್ಷರ ಓದಿ, ಎಷ್ಟು ದೊಡ್ಡ ಡಬ್ಬಿಯಲ್ಲಿ, ಎಷ್ಟು ಹೊತ್ತಿಗೆ ಅಂತ.

ನೀವು ಕಳ್ಸಿದ ಮಾಡೆಲಲ್ಲಿ ಟೈಟೇನಿಯಂ ಡೈಆಕ್ಸೈಡ್ ಕೋಟಿಂಗ್ ಅಂತನೂ ಇದೆ ಅಂದ್ರಲ್ಲ, ಅದು ಇನ್ನೂ ತಮಾಷೆ. ಆ ವಸ್ತು ಬೆಳಕು ಬಿದ್ರೆ ಕೊಳಕನ್ನ ಒಡೆಯುತ್ತೆ ಅನ್ನೋದು ನಿಜವಾದ ವಿಜ್ಞಾನನೇ, ಆದ್ರೆ ಅದಕ್ಕೆ ಬೇಕಾಗಿದ್ದು ಸುಮಾರು 390 ನ್ಯಾನೋಮೀಟರಿಗಿಂತ ಕಮ್ಮಿ ತರಂಗದ ಬೆಳಕು, ಅಂದ್ರೆ ಅಲ್ಟ್ರಾವಯಲೆಟ್. ಬಣ್ಣದ ಎಲ್‌ಇಡಿಯಲ್ಲಿ ನೀಲಿ ಸುಮಾರು 450-465, ಹಸಿರು 520ರ ಹತ್ರ, ಕೆಂಪು 620ರ ಮೇಲೆ. ಯಾವ ಬಣ್ಣ ಹಾಕಿದ್ರೂ ಆ ಕೋಟಿಂಗ್ ನಿದ್ದೆನೇ ಮಾಡ್ತಿರುತ್ತೆ, ಫಾರೆಸ್ಟ್ ಮೋಡಲ್ಲಂತೂ ಗೊರಕೆ.

ನಿಮ್ಮ ಪ್ರಶ್ನೆಯಲ್ಲಿ ಇನ್ನೊಂದು ನಾನು ಒಪ್ಪಲ್ಲ, "ಪ್ಯೂರಿಫೈಯರ್ ಇಲ್ಲಾಂದ್ರೆ ಬಲ್ಬಾದ್ರೂ" ಅನ್ನೋದು. ಇವೆರಡೂ ದೊಡ್ಡದು-ಚಿಕ್ಕದು ಅಲ್ಲ, ಬೇರೆ ಬೇರೆ ಜಾತಿ. ದುಡ್ಡಿಲ್ಲದಿದ್ರೆ ಮೊದಲು ದುಡ್ಡು ಬೇಡದ್ದು, ಇಲ್ಲಾ ಕಮ್ಮಿ ದುಡ್ಡಿಂದು ಮಾಡಿ. ಕಾಯಿಲ್ ಇದ್ರೆ ಇವತ್ತೇ ಎಸೆಯಿರಿ, ಕಿಟಕಿಗೆ ಸೊಳ್ಳೆ ಜಾಳಿ ಹಾಕ್ಸಿ, ಬಲ್ಬಿನ ಬಜೆಟ್ಟಲ್ಲೇ ಬೆಡ್‌ರೂಮಿಂದು ಮುಗಿಯುತ್ತೆ. ಊದಿನಕಡ್ಡಿ ಮಗು ಮಲಗೋ ರೂಮಲ್ಲಿ ಬೇಡ, ದೇವರಿಗೆ ಎಣ್ಣೆ ದೀಪ ಸಾಕು (ನಮ್ಮವ್ವನೇ ಒಪ್ಪಿದ್ಲು ಅಂದ್ಮೇಲೆ ನಿಮ್ಮನೇಲಿ ಕಷ್ಟ ಆಗಲ್ಲ). ಒಗ್ಗರಣೆ ಹಾಕುವಾಗ ಎಕ್ಸಾಸ್ಟ್ ಫ್ಯಾನು. ಒಣ ಕಸಬರಿಗೆ ಬಿಟ್ಟು ಒದ್ದೆ ಬಟ್ಟೆ. ಕಿಟಕಿ ಪೂರ್ತಿ ಬಂದ್ ಮಾಡ್ಬೇಡಿ. ಪುಣೆ ಚಳಿಗಾಲದಲ್ಲಿ ಬೆಳಗಿನ ಜಾವಾನೂ ರಾತ್ರೀನೂ ಹೊಗೆ-ಧೂಳಿನ ಗಾಳಿ ನೆಲಕ್ಕೇ ಕೂತಿರುತ್ತೆ, ಮಧ್ಯಾಹ್ನ ಬಿಸಿಲಿಗೆ ಮೇಲೆ ಹೋಗುತ್ತೆ, ಸೈಟಲ್ಲಿ ಆ ಹೊತ್ತಿಗೆ ಕೆಲಸ ಜೋರಿಲ್ಲದಿದ್ರೆ ಮಧ್ಯಾಹ್ನ ತೆಗೀರಿ. ಕೆಮ್ಮು ನಿಲ್ಲದಿದ್ರೆ ಮಕ್ಕಳ ಡಾಕ್ಟರಿಗೆ ತೋರಿಸಿ, ರಾತ್ರಿ ಕೆಮ್ಮಿಗೆ ಧೂಳೇ ಕಾರಣ ಅಂತ ನೀವೇ ತೀರ್ಮಾನ ಮಾಡ್ಕೋಬೇಡಿ.

ಆಮೇಲೆ ದುಡ್ಡು ಕೂಡಿದಾಗ ಮಗು ಮಲಗೋ ರೂಮಿಗೆ ಮಾತ್ರ ಒಂದು ಹೆಪಾ ಫಿಲ್ಟರಿನ (ಅತಿ ಸಣ್ಣ ಕಣಾನೂ ಹಿಡಿಯೋ ಫಿಲ್ಟರು) ಸಣ್ಣ ಪ್ಯೂರಿಫೈಯರ್, ಇಡೀ ಮನೆಗೆ ಬೇಡ. ವರ್ಷಕ್ಕೆ ಫಿಲ್ಟರ್ ಬದಲಿಸೋಕೆ ಎಷ್ಟಾಗುತ್ತೆ ಅಂತ ಮೊದಲೇ ಕೇಳ್ಕೊಳ್ಳಿ, ಅದರಲ್ಲಿ ಅಯಾನೈಸರ್ ಬಟನ್ ಇದ್ರೆ ಆಫ್ ಮಾಡಿಡಿ.

ಬಣ್ಣ ಬೇಕಾ? ಧಾರಾಳವಾಗಿ ತಗೊಳ್ಳಿ. ಪ್ಯೂರಿಫೈಯರ್ ಅನ್ನೋ ಹೆಸರಿಲ್ಲದ ಮಾಮೂಲಿ ಸ್ಮಾರ್ಟ್ ಬಲ್ಬ್ ಅರ್ಧ ರೇಟಿಗೆ ಸಿಗುತ್ತೆ, ನಮ್ಮ ಹಾಲಲ್ಲಿ ಈಗ್ಲೂ ಒಂದಿದೆ, ಗಣಪತಿಗೆ ಚೆನ್ನಾಗಿರುತ್ತೆ. ಆ ಪ್ಯೂರಿಫೈಯರ್ ಬಲ್ಬನ್ನ ಆಗ್ಲೇ ಆರ್ಡರ್ ಮಾಡಿಬಿಟ್ಟಿದ್ರೆ ಬಾಕ್ಸ್ ಹರೀದೆ ಇಟ್ಕೊಂಡು ರಿಟರ್ನ್ ಹಾಕಿ. ಕಾರಣ ಕೇಳಿದ್ರೆ 'ಸಿಎಡಿಆರ್ ಕೊಟ್ಟಿಲ್ಲ' ಅಂತ ಬರೀರಿ.